ಮೆಂತ್ಯ ಮೆತ್ತಿದ ಬೆಟ್ಟ

ಬೆಟ್ಟ ಕುಸಿದಾಗ ನಾನು ಅದರ ಎಡಗಡೆ, ಮೇಜಿನ ಅಂಚಿನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದೆ. ಸ್ಥಳ ಚಾಮರಾಜನಗರ, ರೈಲು ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿದ್ದ ಒಂದು ಶಾಲೆಯ ದೊಡ್ಡ ಹಾಲ್. ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮರುವರ್ಷ, ಕಾರ್ತಿಕ ಮಾಸ, ಶನಿವಾರ. ಎದುರು ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು. ನನ್ನ ಬಲಗೈಯಲ್ಲಿ ಆಟದ ರೈಲಿನ ಕೀಲಿ ಇತ್ತು. ಎಡಗೈ ಖಾಲಿ ಇತ್ತು. ಆ ಕೈ ಚಾಚಿದ್ದರೆ ಬೆಟ್ಟವನ್ನು ಹಿಡಿದು ನಿಲ್ಲಿಸಬಹುದಿತ್ತೇನೋ. ಚಾಚಲಿಲ್ಲ.

ಬೆಟ್ಟವೆಂದರೆ ನಾಲ್ಕಡಿ ಉದ್ದ, ಎರಡೂವರೆ ಅಡಿ ಎತ್ತರದ ಮಾದರಿ. ಬಿದಿರಿನಲ್ಲಿ ಹೆಣೆದು ಮೇಲೆ ಕಾಗದ ಮೆತ್ತಿದ್ದು. ಅದರ ಹೊಟ್ಟೆಯೊಳಗೆ ಸುರಂಗವಿತ್ತು, ಸುರಂಗದೊಳಗೆ ತಗಡಿನ ರೈಲು ಹಾದುಹೋಗಬೇಕಿತ್ತು. ಅದು ಹೇಗೆ ತಯಾರಾಯಿತು, ಯಾಕೆ ಕುಸಿಯಿತು ಎಂಬುದನ್ನು ನಾನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ. ಕೇಳಿದವರಿಗೆ ಅರ್ಧ ಹೇಳಿದ್ದೇನೆ.

ಆಗ ನಾನು ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಚಾಮರಾಜನಗರದಲ್ಲಿ ಮೂರು ದಿನದ ವಸ್ತುಪ್ರದರ್ಶನ ನಡೆಯುವುದೆಂದೂ ಪ್ರತಿ ಶಾಲೆಯೂ ಏನಾದರೂ ತಯಾರಿಸಿ ತರಬೇಕೆಂದೂ ಸುತ್ತೋಲೆ ಬಂತು. ರೈಲು ಚಾಮರಾಜನಗರದವರೆಗೆ ಬಂದು ಅಲ್ಲೇ ನಿಂತುಹೋಗಿತ್ತು. ನಮ್ಮ ಊರಿಗೂ ಬರಬೇಕೆಂಬ ಆಸೆ ಎಲ್ಲರಿಗೂ ಇತ್ತು. ಹೆಡ್‌ಮಾಸ್ಟರು ನನ್ನನ್ನು ಕರೆದು, ಚಾಮರಾಜನಗರದಿಂದ ಗುಂಡ್ಲುಪೇಟೆಗೆ ರೈಲು ಬರುವ ಹಾಗೆ ಒಂದು ಮಾದರಿ ಮಾಡಿ ಎಂದರು. ಸುರಂಗ ಇರಲೇಬೇಕು ಎಂದರು.

"ಸಾರ್, ಆ ದಾರೀಲಿ ಸುರಂಗ ಕೊರೆಯೋ ಅಂಥ ಬೆಟ್ಟ ಎಲ್ಲಿದೆ?"

"ನೀವೊಬ್ರು! ಬಯಲಲ್ಲಿ ರೈಲು ಓಡಿದ್ರೆ ಯಾರ್ರೀ ನೋಡ್ತಾರೆ? ನಮ್ಮ ಗೋಪಾಲಸ್ವಾಮಿ ಬೆಟ್ಟಾನೇ ತಂದು ಅಡ್ಡ ಇಡಿ. ದೇವರು ಬೇಜಾರು ಮಾಡ್ಕೊಳಲ್ಲ."

ಪೇಟೆಯ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಮನೆಯಲ್ಲಿ ಕೀಲಿ ಕೊಟ್ಟರೆ ಓಡುವ ತಗಡಿನ ರೈಲಿತ್ತು. ಊಟಿಯಲ್ಲಿ ಕೊಂಡದ್ದಂತೆ. ಅದನ್ನು ಎರವಲು ತಂದೆವು. ಎಂಜಿನ್ನು, ಮೂರು ಡಬ್ಬಿ, ಅಂಡಾಕಾರಕ್ಕೆ ಜೋಡಿಸುವ ಕಂಬಿಗಳು. ಎಂಜಿನ್ನಿನ ಚಿಮಣಿಯ ತುದಿಯವರೆಗೆ ಅಳೆದೆ: ನಾಲ್ಕು ಅಂಗುಲ.

ಮೊದಲು ಕೆರೆಯ ಜೇಡಿಮಣ್ಣು ತರಿಸಿ ಬೆಟ್ಟ ಕಟ್ಟಿದೆ. ಮೂರನೆಯ ದಿನ ಅದು ಬಾಯಿ ಬಿಟ್ಟಿತು. ಭಾರಕ್ಕೆ ಕೆಳಗಿನ ಹಲಗೆ ನಡುವಿನಲ್ಲಿ ಬಗ್ಗಿ, ಕಂಬಿಗಳು ಮೇಲೆದ್ದವು. ಬಿರುಕಿಗೆ ಮಣ್ಣು ತುಂಬಿದರೆ ಪಕ್ಕದಲ್ಲಿ ಇನ್ನೊಂದು ಬಿರುಕು. ನಾಲ್ಕು ಜನ ಸೇರಿ ಎತ್ತಲು ನೋಡಿದೆವು, ಆಗಲಿಲ್ಲ. ಬಸ್ಸಿನ ಮೇಲೆ ಹೇರಿಕೊಂಡು ಹೋಗಬೇಕಾದ ಬೆಟ್ಟ ಅದು. ಒಡೆದು ಹಾಕಿದೆ. ಪ್ರದರ್ಶನಕ್ಕೆ ಹದಿನೆಂಟು ದಿನ ಉಳಿದಿತ್ತು.

ಆ ಸಂಜೆ ಮೇದರ ಬೀದಿಯಲ್ಲಿ ಬರುತ್ತಿರುವಾಗ ಒಬ್ಬ ಹೆಂಗಸು ಜಗಲಿಯ ಮೇಲೆ ಕುಳಿತು ಹೊಸ ಮೊರಕ್ಕೆ ಕಾಗದದ ಹಿಟ್ಟು ಮೆತ್ತುತ್ತಿದ್ದರು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಮಾಡುವ ಕೆಲಸವೇ: ಹಳೆ ಕಾಗದ ನೆನೆಹಾಕಿ, ನೆನೆದ ಮೆಂತ್ಯದ ಜೊತೆ ರುಬ್ಬಿ, ಮೊರಕ್ಕೂ ಮಂಕರಿ ಬುಟ್ಟಿಗೂ ಬಳಿದು ಒಣಗಿಸುತ್ತಾರೆ. ಹಿಟ್ಟು ಸೋರುವುದಿಲ್ಲ, ಹುಳು ಹತ್ತುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೆ. ಅಂದು ನಿಂತು ನೋಡಿದೆ. ಮಂಕರಿಯನ್ನು ಮಗುಚಿ ಇಟ್ಟರೆ ಅದೇ ಬೆಟ್ಟ.

ಆಕೆಯ ಗಂಡ ಒಳಗಿನಿಂದ ಬಂದರು. ಅಂದು ನಾನು ಇಬ್ಬರನ್ನೂ ಏಕವಚನದಲ್ಲೇ ಮಾತಾಡಿಸಿದ್ದೆ. ಬಹುವಚನ ಈಗ ಬರೆಯುವಾಗ ಬಂದದ್ದು. ವಿಷಯ ಹೇಳಿದೆ. ಅವರು ನಕ್ಕರು.

"ಬುಟ್ಟಿ ಎಣ್ದಿವ್ನಿ, ತೊಟ್ಲು ಎಣ್ದಿವ್ನಿ, ಕೋಳಿ ಪಂಜ್ರ ಎಣ್ದಿವ್ನಿ. ಬೆಟ್ಟ ಇವತ್ತೇ ಸೋಮಿ. ರೈಲು ಎತ್ಕೊಂಡು ಬನ್ನಿ, ಅಳ್ತೆ ತಕ್ಕೊಬುಡ್ತೀನಿ."

ಕೂಲಿ ಏನೆಂದು ಕೇಳಿದೆ. ಅವರು ಹೆಂಡತಿಯ ಮುಖ ನೋಡಿದರು. ಆಕೆಯೇ ಹೇಳಿದರು: "ಕೂಲಿ ಬ್ಯಾಡ ಸೋಮಿ. ಆ ವಸ್ತು ನೋಡಕ್ಕೆ ರೇಂಜರ್ ಸಾಯೇಬ್ರು ಬತ್ತಾರಂತಲ್ಲ. ಬಿದ್ರು ಕಡಿಯಕ್ಕೆ ಪರ್ಮಿಟ್ ನಿಲ್ಸ್ಬುಟ್ಟವ್ರೆ ಸುಗ್ಗಿಯಿಂದ. ಒಂದು ಮಾತು ಏಳಿ. ಅಷ್ಟೇಯ."

ಕಾಡಿನಲ್ಲಿ ಯಾರೋ ಎಳೆ ಬಿದಿರನ್ನೆಲ್ಲ ಕಡಿದು ಸಾಗಿಸಿದ್ದರು. ಆ ಮೇಲೆ ಅರಣ್ಯ ಇಲಾಖೆ ಸಣ್ಣಪುಟ್ಟವರ ಪರ್ಮಿಟ್ಟುಗಳನ್ನೆಲ್ಲ ನಿಲ್ಲಿಸಿತ್ತು. ಆ ಬೀದಿಯ ನಾಲ್ಕು ಮನೆಗಳಿಗೆ ಬಿದಿರಿನ ಹೊರತು ಬೇರೆ ಕಸುಬಿರಲಿಲ್ಲ. ಮನೆಯ ಹಿಂದೆ ಉಳಿದಿದ್ದ ಹಳೆಯ ಬೊಂಬುಗಳನ್ನು ನಾನೇ ಎಣಿಸಿ ನೋಡಿದೆ: ಒಂಬತ್ತು. ಮಾತು ಹೇಳುತ್ತೇನೆಂದು ಒಪ್ಪಿಕೊಂಡೆ. ಅರ್ಜಿಯನ್ನೂ ನಾನೇ ಬರೆದುಕೊಡುತ್ತೇನೆಂದೆ. ಬರೆದೂ ಕೊಟ್ಟೆ. ಅವರು ಹೆಬ್ಬೆಟ್ಟು ಒತ್ತಿದರು.

ಒಂಬತ್ತರಲ್ಲಿ ಐದು ಬೊಂಬು ಬೆಟ್ಟಕ್ಕೆ ಹೋದವು. ಶಾಲೆಯ ಹಿಂದಿನ ಜಗಲಿಯಲ್ಲಿ ಕುಳಿತು ಅವರು ಬೊಂಬುಗಳನ್ನು ಸೀಳಿ ದಬ್ಬೆ ಮಾಡಿದರು. ದಪ್ಪ ದಬ್ಬೆಗಳನ್ನು ನೀರಿನಲ್ಲಿ ನೆನೆಸಿ, ಕೆಂಡದ ಮೇಲೆ ಹದವಾಗಿ ಕಾಯಿಸಿ ಬಗ್ಗಿಸಿದರು. ಸುರಂಗದ ಉದ್ದಕ್ಕೆ ಮೂರು ಕಮಾನು: ಎರಡು ಬಾಯಿಗೆ ಒಂದೊಂದು, ನಡುವೆ ಒಂದು. ಆ ನಡುವಿನ ಕಮಾನಿನ ಮೇಲೆಯೇ ಶಿಖರದ ಭಾರವೆಲ್ಲ ಕೂರುತ್ತಿತ್ತು. ಉಳಿದ ದಬ್ಬೆಗಳು ಅಲ್ಲಿಂದ ಇಳಿದು ಅಡಿಯ ಚೌಕಟ್ಟಿಗೆ ಸೇರುತ್ತಿದ್ದವು. ಮಧ್ಯೆ ತೆಳುವಾದ ಸೀಳುಗಳ ಹೆಣಿಗೆ.

ಕಮಾನಿನ ಎತ್ತರದ ಬಗ್ಗೆ ನಮ್ಮಿಬ್ಬರಿಗೂ ಮಾತಾಯಿತು. ಅವರು ಒಂದು ಗೇಣು ಬಿಡೋಣ ಎಂದರು. ಸುರಂಗ ಅಷ್ಟು ದೊಡ್ಡದಾದರೆ ರೈಲು ಸಣ್ಣದಾಗಿ ಕಾಣುತ್ತದೆ, ಐದು ಅಂಗುಲ ಸಾಕು ಎಂದು ನಾನು ಹೇಳಿದೆ. ನಾನು ಚಿತ್ರ ಕಲಿತವನು. ಅವರು ತಲೆ ಕೆರೆದುಕೊಂಡರು.

"ನೀವು ಏಳ್ದಂಗೆ ಮಾಡ್ತೀನಿ ಮೇಷ್ಟ್ರೆ. ಆದ್ರೆ ಈ ನಡ್ಲ ದಬ್ಬೆ ಐತಲ್ಲ, ಇದು ಬೆಟ್ಟದ ಸೊಂಟ ಕಣ್ ಮೇಷ್ಟ್ರೆ. ಏನೇ ಆದ್ರೂವೆ ಇದ್ನ ಮುಟ್ಬ್ಯಾಡಿ."

ಹೆಣಿಗೆ ಮುಗಿದ ಮೇಲೆ ಅವರ ಹೆಂಡತಿ ಬಂದರು. ಶಾಲೆಯ ಹಳೆಯ ಉತ್ತರಪತ್ರಿಕೆಗಳನ್ನು ನಾನು ಮೂರು ದಿನ ಮೊದಲೇ ಕೊಳಗದಲ್ಲಿ ನೆನೆಹಾಕಿದ್ದೆ. ಎರಡು ಸೇರು ಮೆಂತ್ಯ ಹೆಡ್‌ಮಾಸ್ಟರ ಮನೆಯಿಂದ ಬಂತು. ಒರಳಿನಲ್ಲಿ ರುಬ್ಬಿದಾಗ ಬೂದುಬಣ್ಣದ, ಜಿಗುಟಾದ ಹಿಟ್ಟು. ಶಾಲೆಯೆಲ್ಲ ಮೆಂತ್ಯದ ವಾಸನೆ. ಏಳನೆಯ ತರಗತಿಗೆ ಪಾಠ ಹೇಳುತ್ತಿದ್ದ ಕ್ರಾಫ್ಟ್ ಮೇಷ್ಟ್ರು ಕಿಟಕಿಯಿಂದ ಕೂಗಿದರು: "ಏನ್ರೀ ಡ್ರಾಯಿಂಗು, ರೈಲಿಗೆ ಉಪ್ಪಿನಕಾಯಿ ಹಾಕ್ತಿದೀರಾ?"

ಮೊದಲ ಪದರವನ್ನು ಆಕೆ ಅಂಗೈಯಿಂದ ತಟ್ಟಿ ತಟ್ಟಿ ಕೂರಿಸಿದರು. ಹೋಗುವಾಗ ನನಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ಮೆಂತ್ಯ ಎಳಿತದೆ ಸೋಮಿ. ಒಣಗ್ತಾ ಒಣಗ್ತಾ ಒಳಿಕ್ಕೆ ಎಳ್ಕತದೆ. ಒಂದು ಪದ್ರಕ್ಕೆ ಎರಡು ಬಿಸ್ಲು ಕಾಣಿಸ್ಬೇಕು. ಆಮ್ಯಾಕೆ ಇನ್ನೊಂದು. ನಾನು ಬೇಗೂರ್ಗೆ ಓಗ್ಬತ್ತೀನಿ, ಅಕ್ಕನ ಮಗ್ಳು ಎರ್ಗೆಗೆ ಕುಂತವ್ಳೆ. ನಾನು ಬರಗಂಟ ಕೈ ಇಕ್ಬ್ಯಾಡಿ."

ಎರಡು ದಿನ ಬಿಸಿಲಿತ್ತು. ಮೂರನೆಯ ದಿನ ಮೋಡ ಕವಿಯಿತು. ನಮ್ಮ ಕಡೆ ಕಾರ್ತಿಕದ ಮೋಡ ಬಂದರೆ ಸುಲಭವಾಗಿ ಹೋಗುವುದಿಲ್ಲ. ನಾಲ್ಕು ದಿನ ಸೂರ್ಯ ಕಾಣಲಿಲ್ಲ. ಬೇಗೂರಿನಿಂದ ಆಕೆ ಬರಲಿಲ್ಲ. ಬಣ್ಣಕ್ಕೆ ಕನಿಷ್ಠ ಎರಡು ದಿನ ಬೇಕಿತ್ತು. ಹೆಡ್‌ಮಾಸ್ಟರು ದಿನಕ್ಕೆರಡು ಸಲ ಬಂದು ನೋಡಿ, ಏನೂ ಹೇಳದೆ ಹೋಗುತ್ತಿದ್ದರು. ಅದು ನನಗೆ ಬೈದುದಕ್ಕಿಂತ ಹೆಚ್ಚಾಗಿ ತಟ್ಟುತ್ತಿತ್ತು.

ಮೋಡ ಕವಿದ ಐದನೆಯ ದಿನ ನಾನೇ ಹಿಟ್ಟು ತೆಗೆದುಕೊಂಡೆ. ಬೆಳಿಗ್ಗೆ ಎರಡನೆಯ ಪದರ, ಮಧ್ಯಾಹ್ನ ಅದರ ಮೇಲೆಯೇ ಮೂರನೆಯದು. ಒಳಗಡೆಯಿಂದಲೂ ಬಳಿದೆ. ಬೆಟ್ಟದ ಕೆಳಗೆ ಎರಡು ಅಗ್ಗಿಷ್ಟಿಕೆ ಇಟ್ಟು ಇದ್ದಿಲಿನ ಕೆಂಡ ಹಾಕಿದೆ. ಸಂಜೆಯ ಹೊತ್ತಿಗೆ ಮೇಲ್ಮೈ ಗಟ್ಟಿಯಾಯಿತು. ಗೆದ್ದೆ ಎಂದುಕೊಂಡೆ. ಮರುದಿನ ಬಣ್ಣಕ್ಕೆ ಕೂತೆ: ಬುಡಕ್ಕೆ ಕೆಮ್ಮಣ್ಣು, ಬಂಡೆಗಳಿಗೆ ಇದ್ದಿಲುಪುಡಿ, ದೂರದ ಇಳಿಜಾರಿಗೆ ಬಟ್ಟೆಗೆ ಹಾಕುವ ನೀಲಿ. ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಅಂಟಿನ ಮೇಲೆ ಉದುರಿಸಿದೆ, ಹುಲ್ಲಾಯಿತು. ತೆಂಗಿನ ನಾರು ಮರಗಳಾದವು. ಶಿಖರಕ್ಕೆ ಅರಳೆಯನ್ನು ಹಿಂಜಿ ಮಂಜು ಕೂರಿಸಿದೆ. ಬೆಟ್ಟದ ಬುಡವನ್ನೂ ಹಲಗೆಯನ್ನೂ ಸೇರಿಸಿ ಒಂದೇ ಬಣ್ಣದಲ್ಲಿ ಬಳಿದು, ಸೇರುವೆ ಕಾಣದಂತೆ ಮುಚ್ಚಿದೆ. ನನ್ನ ಕೈಯಿಂದ ಅಷ್ಟು ಚೆನ್ನಾದ ಕೆಲಸ ಅದಕ್ಕೆ ಮೊದಲು ಆಗಿರಲಿಲ್ಲ. ಅದರ ನಂತರವೂ ಆಗಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆಗೆ ಕೀಲಿ ಕೊಟ್ಟು ರೈಲು ಬಿಟ್ಟೆ. ಅದು ಸುರಂಗದೊಳಗೆ ಹೋಯಿತು. ಹೊರಗೆ ಬರಲಿಲ್ಲ. ಒಳಗೆ ಚಕ್ರ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು.

ಹಿಂದಿನಿಂದ ಕೈ ಹಾಕಲು ಬಿಟ್ಟಿದ್ದ ಕಿಂಡಿಯಲ್ಲಿ ನೋಡಿದೆ. ಮೆಂತ್ಯ ಎಳೆದಿತ್ತು. ನಡುವಿನ ಕಮಾನು ಕೆಳಗೆ ಜಗ್ಗಿ, ಎಂಜಿನ್ನಿನ ಚಿಮಣಿ ಅದಕ್ಕೆ ಸಿಕ್ಕಿಕೊಂಡಿತ್ತು. ಕಾಲು ಅಂಗುಲದ ತೊಂದರೆ.

ಬುಡದ ಚೌಕಟ್ಟಿನಡಿ ಹಲಗೆಯ ತುಂಡು ಕೊಟ್ಟು ಇಡೀ ಬೆಟ್ಟವನ್ನು ಎತ್ತಬಹುದಿತ್ತು. ಅದು ನನಗೆ ಹೊಳೆಯಿತು. ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಎತ್ತಿದರೆ ನಾನು ಮುಚ್ಚಿದ್ದ ಸೇರುವೆ ಒಡೆಯುತ್ತಿತ್ತು, ಬಣ್ಣ ಕೆಡುತ್ತಿತ್ತು. ಮೇದರ ಬೀದಿ ಹತ್ತು ನಿಮಿಷದ ದಾರಿ. ಹೋಗಿ ಕರೆತರಬಹುದಿತ್ತು. ಕರೆತಂದರೆ, ಕೈ ಇಡಬೇಡಿ ಎಂದಿದ್ದ ಕಡೆ ನಾನು ಕೈ ಇಟ್ಟದ್ದು ಗೊತ್ತಾಗುತ್ತಿತ್ತು.

ಕ್ರಾಫ್ಟ್ ಮೇಷ್ಟ್ರ ಕೊಠಡಿಗೆ ಹೋಗಿ ಸಣ್ಣ ಗರಗಸ ಕೇಳಿದೆ.

"ಯಾತಕ್ರೀ ಈಗ?"

"ಒಂದಿಷ್ಟು ಸರಿ ಮಾಡೋದಿದೆ."

ಅವರು ಕೊಟ್ಟರು. ಕಿಂಡಿಯೊಳಗೆ ತೋಳು ತೂರಿಸಿ, ನಡುವಿನ ಕಮಾನಿನ ನೆತ್ತಿಯಲ್ಲಿ ಎರಡು ಅಂಗುಲದಷ್ಟು ದಬ್ಬೆಯನ್ನು ಕೊಯ್ದು ತೆಗೆದೆ. ಕೊನೆಯ ಎಳೆ ಬಿಡುವಾಗ ಬೆಟ್ಟ ಒಂದು ಸಲ ಸಣ್ಣಗೆ ಕಿರುಗುಟ್ಟಿತು. ಕೊಯ್ದ ಜಾಗಕ್ಕೆ ಕಾಗದದ ಪಟ್ಟಿಯನ್ನು ಮೆಂತ್ಯದಲ್ಲಿ ಅದ್ದಿ ಅಂಟಿಸಿದೆ. ರೈಲು ಬಿಟ್ಟೆ. ಹೋಯಿತು, ಹೊರಬಂತು. ಹತ್ತು ಸಲ ಬಿಟ್ಟೆ, ಹತ್ತು ಸಲವೂ ಬಂತು. ದಬ್ಬೆಯ ತುಂಡನ್ನು ಬಚ್ಚಲ ಒಲೆಗೆ ಹಾಕಿದೆ.

ಮರುದಿನ, ಗುರುವಾರ ಬೆಳಿಗ್ಗೆ, ಬೆಟ್ಟವನ್ನು ಬಸ್ಸಿನ ಮೇಲೆ ಏರಿಸಿದೆವು. ಅದನ್ನು ಹಿಡಿದುಕೊಂಡು ಮೇಲೆ ಕುಳಿತವರು ಅದನ್ನು ಹೆಣೆದವರೇ. ಅವರ ಹೆಂಡತಿ ಹಿಂದಿನ ಸಂಜೆಯಷ್ಟೇ ಬೇಗೂರಿನಿಂದ ಬಂದಿದ್ದರು. ಅವರು ಕೆಳಗೆ, ಹಿಂದಿನ ಸೀಟಿನಲ್ಲಿ.

ಕಂಡಕ್ಟರ್ ಮೇಲೆ ನೋಡಿ ಕೂಗಿದ: "ಲೋ ಯಜಮಾನ, ಬೆಟ್ಟಕ್ಕೂ ಟಿಕೀಟ್ ತಗೀಬೇಕು ಕಣ್ಲಾ!"

"ಅದು ದೇವ್ರ ಬೆಟ್ಟ ಕಣಪ್ಪ, ಅದ್ಕೆ ಪುಕ್ಸಟ್ಟೆ. ನಂಗೆ ಅರ್ದ ಟಿಕೀಟ್ ಕೊಡು, ಅರ್ದ ಮೈಯಿ ಬೆಟ್ಟದೊಳ್ಗೈತೆ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ತೆರಕಣಾಂಬಿ ದಾಟುವಾಗ ಹನಿ ಬಿತ್ತು. ಚಾಮರಾಜನಗರದಲ್ಲಿ ಇಳಿದಾಗ ಅವರ ಕಂಬಳಿ ಬೆಟ್ಟದ ಮೇಲಿತ್ತು. ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬೆಟ್ಟದ ಒಂದು ಹುಲ್ಲೂ ಉದುರಿರಲಿಲ್ಲ.

ಶುಕ್ರವಾರವಿಡೀ ರೈಲು ಓಡಿತು. ಬೇರೆ ಶಾಲೆಗಳ ಮೇಷ್ಟ್ರುಗಳು ಬಂದು ಬೆಟ್ಟವನ್ನು ಬೆರಳಿನಿಂದ ತಟ್ಟಿ, ಯಾತರಿಂದ ಮಾಡಿದಿರಿ ಎಂದು ಕೇಳಿದರು. ಕುದೇರಿನ ಮೇಷ್ಟ್ರೊಬ್ಬರು ಮೂಸಿ ನೋಡಿ, "ಮೆಂತ್ಯ!" ಎಂದು ಬಾಯಿ ತುಂಬ ನಕ್ಕರು. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಹಾಲಿನೊಳಗೂ ಗಾಳಿ ತೇವವಾಗಿತ್ತು. ಸಂಜೆ ಕಿಂಡಿಯಲ್ಲಿ ಕೈ ಹಾಕಿ ಪಟ್ಟಿಯನ್ನು ಮುಟ್ಟಿದೆ. ಮೆತ್ತಗಿತ್ತು. ಕೈ ತೆಗೆದು ಪಂಚೆಗೆ ಒರೆಸಿಕೊಂಡೆ. ನಾಳೆ ಒಂದು ದಿನ ಕಳೆದರೆ ಸಾಕು ಎಂದುಕೊಂಡೆ.

ಶನಿವಾರ ರೇಂಜರ್ ಸಾಹೇಬರು ಬಂದರು. ಹೆಡ್‌ಮಾಸ್ಟರು ಜೊತೆಗಿದ್ದರು. ಗಂಡಹೆಂಡಿರಿಬ್ಬರೂ ಒಗೆದ ಬಟ್ಟೆ ಉಟ್ಟು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಕೊಟ್ಟ ಮಾತಿನಂತೆ ನಾನು ಮೊದಲು ಅದನ್ನೇ ಹೇಳಿದೆ: ಸಾರ್, ಈ ಬೆಟ್ಟ ಹೆಣೆದವರು ಇವರು, ಬಿದಿರಿನ ಪರ್ಮಿಟ್ಟಿಗೆ ಅರ್ಜಿ ಇದೆ. ಅರ್ಜಿ ಕೊಟ್ಟೆ. ಸಾಹೇಬರು ಓದಿದರು. ಕೆಟ್ಟ ಮನುಷ್ಯರಲ್ಲ ಅವರು. ಗೋಡೆಯ ಕಡೆ ನೋಡಿ, "ಭೇಷ್ ಕಣಯ್ಯ, ಕೈಯಲ್ಲಿ ವಿದ್ಯೆ ಇದೆ," ಎಂದರು. ಜೇಬಿನಿಂದ ಪೆನ್ನು ತೆಗೆದರು. "ಮೊದಲು ರೈಲು ಓಡಲಿ ಮೇಷ್ಟ್ರೆ, ಆಮೇಲೆ ಬರೆಯೋಣ."

ನಾನು ಕೀಲಿ ತಿರುಗಿಸಿ ರೈಲು ಬಿಟ್ಟೆ. ಎಂಜಿನ್ನು ಸುರಂಗದೊಳಗೆ ಹೋದ ಕ್ಷಣ ಸಾಹೇಬರು, ಬಾಗಿ ನೋಡುತ್ತಾ, ಶಿಖರದ ಮೇಲೆ ಅಂಗೈ ಊರಿದರು. ಒತ್ತಲಿಲ್ಲ. ಮಗುವಿನ ತಲೆಯ ಮೇಲೆ ಇಟ್ಟ ಹಾಗೆ ಇಟ್ಟರು, ಅಷ್ಟೆ.

ಶಿಖರ ಕೆಳಗಿಳಿಯಿತು. ಮೊದಲು ನಿಧಾನವಾಗಿ, ಆಮೇಲೆ ಒಂದೇ ಸಲಕ್ಕೆ. ಸುರಂಗದ ಬಾಯಿ ಮುಚ್ಚಿಕೊಂಡಿತು. ಒಳಗೆ ಚಕ್ರ ಗರಗರ ತಿರುಗಿ, ಕೀಲಿ ಮುಗಿದು ನಿಂತಿತು. ಅರಳೆಯ ಮಂಜು ಸಾಹೇಬರ ತೋಳಿಗೆ ಅಂಟಿತು. ಯಾರೋ, "ಗುಂಡ್ಲುಪೇಟೆ ರೈಲು ಬಂದಂಗೇ ಬುಡ್ರಪ್ಪ!" ಎಂದರು. ಇಡೀ ಹಾಲ್ ನಕ್ಕಿತು.

ಹೆಡ್‌ಮಾಸ್ಟರ ಮುಖ ಕಪ್ಪಿಟ್ಟಿತ್ತು. "ಏನ್ರೀ ಇದು?" ಎಂದು ನನ್ನನ್ನು ಕೇಳಿದರು.

ನಾನು ಹೇಳಿದ್ದು ಇಷ್ಟು: "ಬಿದಿರು ಎಳೇದು ಅಂತ ಕಾಣುತ್ತೆ ಸಾರ್."

ಯೋಚಿಸಿ ಹೇಳಿದ್ದಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಎಳೆ ಬಿದಿರಿನ ಕಾರಣಕ್ಕೇ ಪರ್ಮಿಟ್ ನಿಂತದ್ದು ನನಗೆ ಗೊತ್ತಿತ್ತು. ಆ ಅರ್ಜಿಯಲ್ಲಿ, "ಬಲಿತ ಬಿದಿರನ್ನು ಮಾತ್ರ ಕಡಿಯುತ್ತೇವೆ" ಎಂದು ನನ್ನ ಕೈಯಿಂದಲೇ ಬರೆದಿದ್ದೆ.

ಸಾಹೇಬರು ಗೋಡೆಯ ಕಡೆ ತಿರುಗಿದರು. ದನಿ ಬದಲಾಗಿತ್ತು. "ಎಳೇದು ಕಡಿದ್ಯೇನಯ್ಯಾ? ಎಲ್ಲಿ ಕಡಿದೆ?"

"ಇಲ್ಲ ಬುದ್ದಿ. ಮೂರೊರ್ಸದ ಬೊಂಬು ಬುದ್ದಿ. ಇತ್ಲಲ್ಲಿ ಮಡಗಿದ್ದು. ಮೇಷ್ಟ್ರೇ ಎಣ್ಸಿ ನೋಡವ್ರೆ. ಏಳಿ ಮೇಷ್ಟ್ರೆ."

ಅವರು ನನ್ನ ಕಡೆ ನೋಡಿದರು. ನಾನು ಗಡಿಯಾರ ನೋಡಿದೆ. ಹನ್ನೊಂದು ಇಪ್ಪತ್ತಾಗಿರಲಿಲ್ಲ.

ಸಾಹೇಬರು ಅರ್ಜಿಯನ್ನು ನಾಲ್ಕಾಗಿ ಮಡಿಸಿ ನನ್ನ ಕೈಗೆ ಕೊಟ್ಟು, ಪೆನ್ನನ್ನು ಜೇಬಿಗೆ ಸೇರಿಸಿ ಮುಂದಿನ ಮೇಜಿಗೆ ಹೋದರು.

ಆಗ ಬೆಟ್ಟ ಹೆಣೆದವರ ಹೆಂಡತಿ ಬಂದರು. ಎರವಲು ತಂದ ಎಂಜಿನ್ನು ಒಳಗೆ ಸಿಕ್ಕಿಕೊಂಡಿತ್ತಲ್ಲ, ಅದನ್ನು ತೆಗೆಯಲು ಕಿಂಡಿಯಲ್ಲಿ ಕೈ ಹಾಕಿದರು. ಮೊಣಕೈವರೆಗೆ ಹೋದ ಕೈ ಅಲ್ಲೇ ನಿಂತಿತು. ಮುರಿದ ಬಿದಿರು ಸಿಬಿರು ಸಿಬಿರಾಗಿರುತ್ತದೆ. ಕೊಯ್ದದ್ದು ನುಣ್ಣಗಿರುತ್ತದೆ. ಜೀವನವೆಲ್ಲ ಬಿದಿರು ಮುಟ್ಟಿದವರಿಗೆ ಇದು ನೋಡಿ ತಿಳಿಯಬೇಕಾದದ್ದಲ್ಲ. ಆ ಬೆರಳುಗಳು ಒಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದದ್ದು ನನಗೆ ಅವರ ತೋಳಿನಲ್ಲಿ ಕಾಣಿಸಿತು. ತಲೆ ಎತ್ತಿ ನನ್ನನ್ನು ನೋಡಿದರು. ಎಂಜಿನ್ನನ್ನು ಹೊರಗೆ ತೆಗೆದು, ಸೆರಗಿನಿಂದ ಒರೆಸಿ, ನನ್ನ ಅಂಗೈಯಲ್ಲಿ ಇಟ್ಟರು. ತಿರುಗಿ ಗೋಡೆಯ ಕಡೆ ಹೋದರು. ಆ ಹೊತ್ತಿನಲ್ಲಿ, ಆ ಹಾಲಿನಲ್ಲಿ, ಮೇಷ್ಟ್ರ ಮಾತಿನ ಎದುರು ಅವರ ಮಾತನ್ನು ಯಾರು ನಂಬುತ್ತಿದ್ದರು ಎಂಬುದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ಕುಸಿದ ಬೆಟ್ಟವನ್ನು ಮೇಲೆ ಹೇರಿಕೊಂಡು ವಾಪಸು ಬರುವ ಬಸ್ಸಿನಲ್ಲಿ ಗಂಡ ನನ್ನ ಪಕ್ಕ ಬಂದು ನಿಂತರು. ಸಮಾಧಾನ ಹೇಳಲು ಬಂದದ್ದು. "ಬುಡಿ ಮೇಷ್ಟ್ರೆ. ನಿಮ್ಗೂ ಅವಮಾನ ಆಯ್ತು. ಆ ಬೊಂಬು ನೋಡಕ್ಕೆ ಬಲ್ತಂಗೇ ಇತ್ತು. ಒಳ್ಗೆ ಎಂಗಿತ್ತೋ ಏನೋ. ನಾಳಿಕ್ ಬಂದು ಆ ದಬ್ಬೆ ಬಿಚ್ಚಿ ನೋಡ್ತೀನಿ."

ನಾನು ಮರುದಿನ, ಭಾನುವಾರ, ಅವರು ಬರುವ ಮೊದಲೇ ಶಾಲೆಗೆ ಹೋಗಿ ಬೆಟ್ಟವನ್ನು ಅಂಗಳದಲ್ಲಿ ಸುಟ್ಟೆ. ಮೆಂತ್ಯ ಸುಟ್ಟ ವಾಸನೆ ಮೇದರ ಬೀದಿಯವರೆಗೂ ಹೋಗಿರಬೇಕು. ಅವರು ಬಂದಾಗ ಬೂದಿ ಇತ್ತು. ಕಾಲಿನಿಂದ ಕೆದಕಿ ನೋಡಿದರು. "ಸುಟ್ಬುಟ್ರಾ," ಎಂದರು. ಹೋದರು.

ಪರ್ಮಿಟ್ ಸಿಗಲಿಲ್ಲ. ಉಳಿದಿದ್ದ ನಾಲ್ಕು ಬೊಂಬು ಮುಗಿದ ಮೇಲೆ ಅವರು ಮರದ ಕಂಟ್ರಾಕ್ಟರೊಬ್ಬರ ಹತ್ತಿರ ಲಾರಿ ತುಂಬುವ ಕೆಲಸಕ್ಕೆ ಸೇರಿದರು. ಮುಂದಿನ ಮಳೆಗಾಲದ ಹೊತ್ತಿಗೆ ಮನೆ ಖಾಲಿಯಾಗಿತ್ತು. ಅವರು ತೀರಿಹೋದ ಸುದ್ದಿ ನನಗೆ ಬಹಳ ತಡವಾಗಿ ಸಿಕ್ಕಿತು. ದಬ್ಬೆ ಕೊಯ್ದದ್ದನ್ನು ಹೆಂಡತಿ ಅವರಿಗೆ ಹೇಳಿದರೋ, ಅಥವಾ ತಾನು ಹೆಣೆದದ್ದೇ ಸೋತಿತೆಂದು ನಂಬಿಕೊಂಡೇ ಹೋದರೋ, ಗೊತ್ತಿಲ್ಲ. ಇದನ್ನು ಆಕೆಯನ್ನೇ ಕೇಳಲು ಎರಡು ಸಲ ಬೇಗೂರಿನ ಬಸ್ಸು ಹತ್ತಿದ್ದೇನೆ. ಎರಡು ಸಲವೂ ನಿಲ್ದಾಣದಲ್ಲಿ ಕಾಫಿ ಕುಡಿದು ಹಿಂದಿರುಗಿದ್ದೇನೆ.

ಇಲ್ಲಿಯವರೆಗೆ ಯಾರ ಹೆಸರನ್ನೂ ಬರೆದಿಲ್ಲ. ಹೆಡ್‌ಮಾಸ್ಟರೂ ರೇಂಜರ್ ಸಾಹೇಬರೂ ಈಗಿಲ್ಲ. ಗರಗಸ ಕೊಟ್ಟ ಕ್ರಾಫ್ಟ್ ಮೇಷ್ಟ್ರು ಪುಟ್ಟಬಸಪ್ಪನವರು ಹರವೆಯಲ್ಲಿದ್ದಾರೆ. ಹೊರಡುವ ಹಿಂದಿನ ದಿನ ನಾನು ಗರಗಸ ತೆಗೆದುಕೊಂಡು ಹೋದದ್ದನ್ನು ಅವರು ಹೇಳಬಲ್ಲರು. ಬೆಟ್ಟ ಹೆಣೆದವರ ಹೆಸರು ಸಿದ್ದಯ್ಯ. ಕಿಂಡಿಯಲ್ಲಿ ಕೈ ಹಾಕಿದವರು ಅವರ ಹೆಂಡತಿ ಚಿಕ್ಕತಾಯಮ್ಮ, ಬೇಗೂರಿನಲ್ಲಿ ಅಕ್ಕನ ಮಗಳ ಮನೆಯಲ್ಲಿದ್ದಾರೆ. ಅವರಿಗೆ ಓದಲು ಬರುವುದಿಲ್ಲ. ಇದನ್ನು ಯಾರಾದರೂ ಅವರ ಮುಂದೆ ಓದಿದರೆ, ನಾನು ಬರೆದದ್ದರಲ್ಲಿ ಏನು ಬಿಟ್ಟಿದ್ದೇನೆ ಎಂದು ಹೇಳಬಲ್ಲವರು ಅವರೊಬ್ಬರೇ.